ಬಿಸಿ ಕಡಿಮೆಯೋ, ತೇವ ಹೆಚ್ಚೋ?

ಚಳಿನಾಡಿನ ಗ್ಯಾರೇಜುಗಳಿಗೆ ನವೆಂಬರಿನಿಂದ ಮಾರ್ಚಿನವರೆಗೆ ತಪ್ಪದೆ ಬರುವ ದೂರು ಒಂದಿದೆ: ಗಾಜಿಗೆ ಬಿಸಿಗಾಳಿ ಬೀಸಿ ಹಿಮ, ಮಂಜು ಬಿಡಿಸುವ ಕಾರಿನ ಡಿಫ್ರಾಸ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಮುಂದಿನ ಗಾಜಿನಾಚೆ ಏನೂ ಕಾಣುತ್ತಿಲ್ಲ. ಪಳಗಿದ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ ಒಂದು ಪ್ರಶ್ನೆ ಕೇಳುತ್ತಾನೆ. ಗಾಜು ಕುರುಡಾಗಿರುವುದು ಹೊರಗಿನಿಂದಲೋ, ಒಳಗಿನಿಂದಲೋ? ಹೊರಮೈಗೆ ಹತ್ತಿದ ಹಿಮ ಅರ್ಧ ಗಂಟೆಯಾದರೂ ಬಿಡದಿದ್ದರೆ ಅದು ಶಾಖದ ಕೊರತೆ. ಒಳಮೈಯಲ್ಲಿ ಮಂಜು ಕವಿದು, ಒರೆಸಿದರೂ ಮತ್ತೆ ಕವಿಯುತ್ತಿದ್ದರೆ ಅದು ಹೆಚ್ಚಿನ ಪಾಲು ತೇವದ ಕಾಟ. ಅನುಮಾನವಿದ್ದರೆ ಸೀಟಿನಲ್ಲಿ ಕೂತೇ ಉಗುರಿನಿಂದ ಗಾಜನ್ನು ಗೀರಿ ನೋಡಬಹುದು. ಬಿಳಿ ಪುಡಿ ಉಗುರಿಗೆ ಬಂದರೆ ನಿಮ್ಮದೇ ಉಸಿರು ಒಳಗಡೆ ಹೆಪ್ಪುಗಟ್ಟಿದೆ ಎಂದರ್ಥ.

ಈ ಪ್ರಶ್ನೆ ಕೇಳಿಕೊಳ್ಳದೆ ದುಡ್ಡು ಕಳೆದುಕೊಂಡವರು ಬಹಳ. ತೇವಕ್ಕೆ ಮದ್ದು ಬೇಕಿದ್ದಾಗ ಥರ್ಮೋಸ್ಟಾಟ್ ಬದಲಿಸುತ್ತಾರೆ, ಶಾಖ ಬೇಕಿದ್ದಾಗ ಫಿಲ್ಟರ್ ಬದಲಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮೊದಲು ಹೊರಗಿನ ಹಿಮದ ಕಥೆ ನೋಡೋಣ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜನವರಿಯ ಸರಾಸರಿ ಕನಿಷ್ಠ ಉಷ್ಣಾಂಶ ಸೊನ್ನೆಗಿಂತ ಸುಮಾರು 13 ಡಿಗ್ರಿ ಸೆಲ್ಸಿಯಸ್ ಕೆಳಗೆ. ಮೈನಸ್ 20 ಮುಟ್ಟುವ ಬೆಳಗುಗಳು ಅಲ್ಲಿ ಸುದ್ದಿಯೇನಲ್ಲ. ಬೆಂಗಳೂರಿನಿಂದ ಹೋಗಿ ಅಲ್ಲಿ ಮೊದಲ ಚಳಿಗಾಲ ಕಾಣುವವರಿಗೆ ಒಂದು ಸಂಗತಿ ಸೋಜಿಗವೆನಿಸುತ್ತದೆ. ಮೋಡ ಕವಿದ ರಾತ್ರಿಗಿಂತ, ನಕ್ಷತ್ರ ಹೊಳೆಯುವ ತಿಳಿಯಾದ ರಾತ್ರಿ ಕಳೆದ ಮೇಲೆಯೇ ಗಾಜಿನ ಮೇಲಿನ ಹಿಮ ದಪ್ಪ. ಬಯಲಲ್ಲಿ ನಿಲ್ಲಿಸಿದ ಕಾರು ಬೆಳ್ಳಗಾಗಿದ್ದರೆ ಪಕ್ಕದಲ್ಲೇ ಮಾಡಿನಡಿ ನಿಂತ ಕಾರಿನ ಗಾಜು ಶುಭ್ರ. ಗಾಜು ತನ್ನ ಶಾಖವನ್ನು ಅವಕೆಂಪು ಕಿರಣಗಳಾಗಿ ಆಕಾಶಕ್ಕೆ ಸುರಿಯುತ್ತಿರುತ್ತದೆ. ಮೋಡವಿದ್ದರೆ ಅದರಲ್ಲಿ ಒಂದಷ್ಟು ಮರಳಿ ಬರುತ್ತದೆ, ತಿಳಿ ಆಕಾಶದಿಂದ ಬರುವುದು ತೀರ ಕಡಿಮೆ. ಹೀಗೆ ಗಾಜು ಸುತ್ತಲಿನ ಗಾಳಿಗಿಂತಲೂ ಕೆಲವು ಡಿಗ್ರಿ ತಣ್ಣಗಾಗಿ, ಗಾಳಿಯಲ್ಲಿದ್ದ ಅಲ್ಪಸ್ವಲ್ಪ ನೀರಾವಿಯನ್ನೂ ನೇರವಾಗಿ ಹರಳು ಮಾಡಿಕೊಳ್ಳುತ್ತದೆ. ಮುಂದಿನ ಗಾಜು ಓರೆಯಾಗಿ ಆಕಾಶಕ್ಕೆ ಮುಖ ಮಾಡಿರುವುದರಿಂದ ನೆಟ್ಟಗೆ ನಿಂತ ಕಿಟಕಿಗಳಿಗಿಂತ ಅದಕ್ಕೆ ಹಿಮ ಹೆಚ್ಚು. ರಾತ್ರಿ ಒಂದು ಹಳೆಯ ಬೆಡ್‌ಶೀಟ್ ಹೊದಿಸಿಟ್ಟರೂ ಸಾಕು, ಬೆಳಗಿನ ಅರ್ಧ ಕೆಲಸ ತಪ್ಪುತ್ತದೆ.

ಹತ್ತಿದ ಹಿಮವನ್ನು ಬಿಡಿಸಲು ಎಷ್ಟು ಶಾಖ ಬೇಕು? ಯುರೋಪಿನ ವಾಹನ ನಿಯಮದಲ್ಲಿ ಡಿಫ್ರಾಸ್ಟರಿಗೊಂದು ಪರೀಕ್ಷೆಯಿದೆ. ಕಾರನ್ನು ಮೈನಸ್ 8 ಅಥವಾ ಮೈನಸ್ 18 ಡಿಗ್ರಿಯ ಚಳಿಕೋಣೆಯಲ್ಲಿ ಗಂಟೆಗಟ್ಟಲೆ ಇಟ್ಟು, ಗಾಜಿನ ಪ್ರತಿ ಚದರ ಸೆಂಟಿಮೀಟರಿಗೆ 0.044 ಗ್ರಾಂ ಲೆಕ್ಕದಲ್ಲಿ ನೀರು ಸಿಂಪಡಿಸಿ ಹೆಪ್ಪುಗಟ್ಟಿಸುತ್ತಾರೆ. ದಪ್ಪ ಅರ್ಧ ಮಿಲಿಮೀಟರೂ ಇಲ್ಲ. ಆದರೆ ಗಾಜಿನ ವಿಸ್ತೀರ್ಣ 1.2 ಚದರ ಮೀಟರ್ ಎಂದುಕೊಂಡರೆ ಒಟ್ಟು ಅರ್ಧ ಕಿಲೋಗೂ ಮಿಕ್ಕಿದ ಹಿಮ. ಒಂದು ಗ್ರಾಂ ಹಿಮ ಕರಗಲು 334 ಜೌಲ್ ಬೇಕು. ಮೈನಸ್ 20ರಿಂದ ಸೊನ್ನೆಗೆ ತಂದು ಕರಗಿಸುವ ಒಟ್ಟು ಖರ್ಚು ಸುಮಾರು 200 ಕಿಲೋಜೌಲ್.

ಗಾಜಿನ ಖರ್ಚು ಇದಕ್ಕೂ ಹೆಚ್ಚು. ಮುಂದಿನ ಗಾಜು ಎಂದರೆ ತಲಾ 2 ಮಿಲಿಮೀಟರ್ ಚಿಲ್ಲರೆ ದಪ್ಪದ ಎರಡು ಹಾಳೆಗಳು, ನಡುವೆ ಒಂದು ಪ್ಲಾಸ್ಟಿಕ್ ಪದರ. ಗಾಜೊಂದೇ 12-13 ಕಿಲೋ ತೂಗುತ್ತದೆ. ಅದನ್ನು 20 ಡಿಗ್ರಿ ಮೇಲೇರಿಸಲು 220 ಕಿಲೋಜೌಲ್‌ನಷ್ಟು ಬೇಕು. ಬಿಸಿಗಾಳಿ ಬೀಸುವುದು ಒಳಗಿನಿಂದ, ಹಿಮ ಇರುವುದು ಹೊರಗೆ. ಹಾಗಾಗಿ ಗಾಜಿನ ಸಾಲ ತೀರದೆ ಹಿಮಕ್ಕೆ ಬಿಡಿಗಾಸೂ ಇಲ್ಲ. ಸಮಾಧಾನವೆಂದರೆ ಹಿಮವೆಲ್ಲ ನೀರಾಗಬೇಕಿಲ್ಲ. ಗಾಜಿಗಂಟಿದ ತೆಳು ಪದರ ಕರಗಿದರೆ ಉಳಿದದ್ದನ್ನು ವೈಪರ್ ತಳ್ಳಿಬಿಡುತ್ತದೆ.

ನಾಲ್ಕುನೂರು ಚಿಲ್ಲರೆ ಕಿಲೋಜೌಲ್ ದೊಡ್ಡ ಮೊತ್ತವೇನಲ್ಲ. ತೊಂದರೆ ಇರುವುದು ಸರದಿಯಲ್ಲಿ. ಪೆಟ್ರೋಲ್ ಕಾರಿನ ಶಾಖವೆಲ್ಲ ಇಂಜಿನ್‌ನ ವ್ಯರ್ಥ ಶಾಖ. ಸುಟ್ಟ ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಕೂಲಂಟ್ ದ್ರವಕ್ಕೆ ಸೇರುತ್ತದೆ. ಆ ದ್ರವದ ಒಂದು ಕವಲು ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರ್ ಕೋರ್ ಎಂಬ ಪುಟ್ಟ ರೇಡಿಯೇಟರಿನಲ್ಲಿ ಹರಿಯುತ್ತದೆ. ಬ್ಲೋವರ್ ಅದರ ಮೂಲಕ ಗಾಳಿ ದಬ್ಬಿ ಗಾಜಿನ ಬುಡಕ್ಕೆ ಕಳಿಸುತ್ತದೆ. ಆದರೆ ಇಂಜಿನ್‌ನ ಲೋಹ, ಎಣ್ಣೆ, ಕೂಲಂಟ್ ಇವೆಲ್ಲ ಮೈನಸ್ 20ರಿಂದ ಹದಕ್ಕೆ ಬರಲು ಒಂದು ಸಾಧಾರಣ ಕಾರಿನಲ್ಲೂ 10,000 ಕಿಲೋಜೌಲ್ ಆಸುಪಾಸು ನುಂಗುತ್ತವೆ. ಗಾಜಿಗೆ ಬೇಕಾದದ್ದರ ಇಪ್ಪತ್ತು ಪಟ್ಟಿಗೂ ಹೆಚ್ಚು. ಡಿಫ್ರಾಸ್ಟರ್ ಮದುವೆಮನೆಯ ಕೊನೆಯ ಪಂಕ್ತಿಯಲ್ಲಿ ಕೂತಿದೆ. ಎಲೆ ಹಾಕಿದ್ದಾರೆ, ಅನ್ನ ಬರುವುದು ತಡ.

ನಿಂತಲ್ಲೇ ಇಂಜಿನ್ ಓಡಿಸುವವರು ಈ ತಡವನ್ನು ಇನ್ನಷ್ಟು ಹಿಗ್ಗಿಸುತ್ತಾರೆ. ಐಡ್ಲಿಂಗ್‌ನಲ್ಲಿ ಗಂಟೆಗೆ ಮುಕ್ಕಾಲು ಲೀಟರ್ ಪೆಟ್ರೋಲ್ ಉರಿದರೆ ಕೂಲಂಟಿಗೆ ಸಿಗುವುದು ಸುಮಾರು ಎರಡು ಕಿಲೋವಾಟ್, ನಮ್ಮ ಬಾತ್‌ರೂಮಿನ ಗೀಸರಿನಷ್ಟು. ಹಿಮವನ್ನು ಕೈಯಾರೆ ಕೆರೆದು, ಗಾಜು ಪೂರ್ತಿ ಕಾಣುವಂತೆ ಮಾಡಿಕೊಂಡು, ಮೆಲ್ಲಗೆ ಹೊರಟುಬಿಟ್ಟರೆ ಇಂಜಿನ್ ಬೇಗ ಕಾಯುತ್ತದೆ. ಮುಚ್ಚಿದ ಗ್ಯಾರೇಜಿನೊಳಗೆ ಇಂಜಿನ್ ಓಡಿಸಿ ಬಿಸಿ ಮಾಡುವುದಂತೂ ಸಾವಿಗೆ ಆಹ್ವಾನ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಹೊರಗೆ ನಿಲ್ಲಿಸಿದ್ದರೂ ಹೊಗೆಕೊಳವೆಯ ಬಾಯಿಯನ್ನು ಹಿಮ ಮುಚ್ಚಿಲ್ಲವೆಂದು ನೋಡಿಕೊಂಡೇ ಸ್ಟಾರ್ಟ್ ಮಾಡಬೇಕು.

ಉತ್ತರ ಡಕೋಟದ ಗ್ರ್ಯಾಂಡ್ ಫೋರ್ಕ್ಸ್‌ನ ಆಂಡ್ರ್ಯೂ ಫ್ರೀಮನ್ ಸರದಿಯ ಈ ತೊಡಕನ್ನು ಬುಡದಲ್ಲೇ ಹಿಡಿದ. ಇಂಜಿನ್‌ನ ಬೋಲ್ಟ್ ಒಂದರ ಜಾಗದಲ್ಲಿ ವಿದ್ಯುತ್ ಹೀಟರ್ ಕೂರಿಸಿ ರಾತ್ರಿಯಿಡೀ ಲೋಹವನ್ನು ಬೆಚ್ಚಗಿಡುವ ಅವನ ಉಪಾಯಕ್ಕೆ 1949ರಲ್ಲಿ ಪೇಟೆಂಟ್ ಸಿಕ್ಕಿತು. ಅದರ ವಂಶಸ್ಥನಾದ ಬ್ಲಾಕ್ ಹೀಟರ್ ಇಂದಿಗೂ ಆ ಸೀಮೆಯಲ್ಲಿ ಚಾಲ್ತಿಯಲ್ಲಿದೆ. ಕೆನಡಾದ ವಿನ್ನಿಪೆಗ್‌ನ ಪಾರ್ಕಿಂಗ್ ಜಾಗಗಳಲ್ಲಿ ಕಾರಿನ ಮೂತಿಯೆದುರು ಪ್ಲಗ್ ಪಾಯಿಂಟಿನ ಕಂಬ ನಿಂತಿರುವುದು ಇದಕ್ಕೇ.

ಹಾಗಾದರೆ ಎಷ್ಟು ತಡವಾದರೆ ದೋಷವೆನ್ನಬೇಕು? ಯುರೋಪಿನ ಅದೇ ಪರೀಕ್ಷೆಯಲ್ಲಿ ಚಾಲಕನ ಮುಂದಿನ ಮುಖ್ಯ ಭಾಗದ ಶೇ 80ರಷ್ಟು 20 ನಿಮಿಷದಲ್ಲಿ ತಿಳಿಯಾಗಬೇಕು, ಇನ್ನೂ ವಿಸ್ತಾರವಾದ ಭಾಗದ ಶೇ 95ಕ್ಕೆ 40 ನಿಮಿಷ ಗಡುವು. ಅಮೆರಿಕದಲ್ಲಿ 1968ರ ಆರಂಭದಿಂದಲೇ ಡಿಫ್ರಾಸ್ಟರ್ ಕಾನೂನಿನ ಪ್ರಕಾರ ಕಡ್ಡಾಯ. ಹತ್ತು ನಿಮಿಷಕ್ಕೇ ಸಹನೆ ಕಳೆದುಕೊಳ್ಳುವವನ ಕಾರಿನಲ್ಲಿ ಬಹುಶಃ ಏನೂ ಕೆಟ್ಟಿಲ್ಲ. ಸ್ವಯಂಚಾಲಿತ ಹವಾನಿಯಂತ್ರಣದ ಕಾರುಗಳಲ್ಲಿ ಕೂಲಂಟ್ ಕಾಯುವವರೆಗೆ ಬ್ಲೋವರ್ ಬೇಕೆಂದೇ ಮೆಲ್ಲಗೆ ತಿರುಗುತ್ತದೆ, ಅದೂ ದೋಷವಲ್ಲ. ಹೋದ ವರ್ಷ ಇದೇ ಚಳಿಯಲ್ಲಿ ಸರಿಯಿದ್ದದ್ದು ಈ ವರ್ಷ ಸೋತಿದ್ದರೆ ಮಾತ್ರ ಶಾಖದ ಜಾಡು ಹಿಡಿದು ಹೊರಡಬೇಕು.

ಜಾಡು ಶುರುವಾಗುವುದು ಮೀಟರಿನಿಂದ. ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿದ ಮೇಲೂ ಉಷ್ಣತೆಯ ಮುಳ್ಳು ನಡುವಿಗೆ ಬರದಿದ್ದರೆ, ಅಥವಾ ಊರೊಳಗೆ ಏರಿದ್ದು ಹೆದ್ದಾರಿಯಲ್ಲಿ ಇಳಿದರೆ, ಮೊದಲ ಅನುಮಾನ ಥರ್ಮೋಸ್ಟಾಟಿನ ಮೇಲೆ. ಅದರೊಳಗೆ ಒಂದು ಮೇಣದ ಗುಳಿಗೆಯಿದೆ. 1930ರ ದಶಕದಲ್ಲಿ ಸರ್ಜಿಯಸ್ ವರ್ನೆಟ್ ರೂಪಿಸಿದ ಉಪಾಯವಿದು. 80-90 ಡಿಗ್ರಿಯ ನಡುವೆ ಎಲ್ಲೋ ಮೇಣ ಕರಗಿ, ಹಿಗ್ಗಿ, ಕವಾಟ ತೆರೆಯುತ್ತದೆ, ಆಮೇಲಷ್ಟೇ ಕೂಲಂಟ್ ದೊಡ್ಡ ರೇಡಿಯೇಟರಿಗೆ ಹೋಗುತ್ತದೆ. ಕವಾಟ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಮೈನಸ್ 20ರ ಗಾಳಿಗೆ ಮೈಯೊಡ್ಡಿದ ರೇಡಿಯೇಟರ್ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ, ಇಂಜಿನ್ ಹದಕ್ಕೇ ಬರುವುದಿಲ್ಲ. ಕಂಪ್ಯೂಟರ್ ಇರುವ ಕಾರುಗಳು ಆಗ ಪಿ0128 ಎಂಬ ಸಂಕೇತ ಬರೆದಿಡುತ್ತವೆ. ಇದೇ ದೋಷ ಬೆಂಗಳೂರಿನಲ್ಲಿ ವರ್ಷಗಟ್ಟಲೆ ಗೊತ್ತೇ ಆಗದೆ ಇರಬಹುದು. ನಮ್ಮಲ್ಲಿ ಹಳೆಯ ಕಾಲದ ಮೆಕ್ಯಾನಿಕ್‌ಗಳು ಇಂಜಿನ್ ಕಾಯುತ್ತದೆಂದು ಥರ್ಮೋಸ್ಟಾಟನ್ನು ಕಿತ್ತೇ ಬಿಸಾಡುತ್ತಿದ್ದರು. ಪೆಟ್ರೋಲ್ ಕೊಂಚ ಹೆಚ್ಚು ಕುಡಿಯುತ್ತಿತ್ತು, ಇಂಜಿನ್ ಬೇಗ ಸವೆಯುತ್ತಿತ್ತು, ಆದರೆ ಚಳಿಯಿಲ್ಲದ ಊರಿನಲ್ಲಿ ಕೇಳುವವರಾರು?

ಮೀಟರ್ ಸರಿಯಿದ್ದರೆ ಮುಂದಿನ ಸಾಕ್ಷಿ ಕೂಲಂಟಿನ ಮಟ್ಟ. ಇಂಜಿನ್ ಪೂರ್ತಿ ತಣ್ಣಗಿರುವಾಗಲೇ ನೋಡಬೇಕು, ಬಿಸಿ ರೇಡಿಯೇಟರಿನ ಮುಚ್ಚಳ ತೆಗೆದರೆ ಕುದಿಯುವ ದ್ರವ ಮುಖಕ್ಕೆ ಚಿಮ್ಮುತ್ತದೆ. ಮಟ್ಟ ಇಳಿದಿದ್ದರೆ ಕೊಳವೆಗಳಲ್ಲಿ ಗಾಳಿ ಸೇರಿರುತ್ತದೆ. ಅನೇಕ ಕಾರುಗಳಲ್ಲಿ ಹೀಟರ್ ಕೋರ್ ಎತ್ತರದ ಜಾಗದಲ್ಲಿರುವುದರಿಂದ ಆ ಗಾಳಿಗುಳ್ಳೆಗಳು ಹೋಗಿ ಅಲ್ಲೇ ಕೂರುತ್ತವೆ. ಓಡುವಾಗ ಬಿಸಿಗಾಳಿ, ಸಿಗ್ನಲ್ಲಿನಲ್ಲಿ ನಿಂತರೆ ತಣ್ಣಗೆ, ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು: ಇಷ್ಟು ಲಕ್ಷಣ ಕೂಡಿದರೆ ಹೆಚ್ಚು ಯೋಚಿಸಬೇಕಿಲ್ಲ. ಆದರೆ ದ್ರವ ತುಂಬಿಸಿ, ಗಾಳಿ ಹೊರಹಾಕಿ ಸುಮ್ಮನಾಗುವಂತಿಲ್ಲ. ಮುಚ್ಚಿದ ವ್ಯವಸ್ಥೆಯಿಂದ ಕೂಲಂಟ್ ಎಲ್ಲಿಗೆ ಹೋಯಿತೆಂದು ಹುಡುಕಲೇಬೇಕು.

ಇಡೀ ತನಿಖೆಯಲ್ಲಿ ನನಗೆ ಅಚ್ಚುಮೆಚ್ಚಿನ ಘಟ್ಟ ಮುಂದಿನದು. ಉಪಕರಣ ಬೇಡ, ಕೈಯೊಂದು ಸಾಕು. ಇಂಜಿನ್ ಹಿಂದಿನ ತಗಡಿನ ಗೋಡೆಯ ಮೂಲಕ ಹೆಬ್ಬೆರಳು ಗಾತ್ರದ ಎರಡು ರಬ್ಬರ್ ಕೊಳವೆಗಳು ಒಳಗೆ ಹೋಗುತ್ತವೆ. ಒಂದು ಹೀಟರ್ ಕೋರಿಗೆ ಕೂಲಂಟ್ ಒಯ್ಯುವುದು, ಇನ್ನೊಂದು ತರುವುದು. ಇಂಜಿನ್ ಚೆನ್ನಾಗಿ ಕಾದ ಮೇಲೆ, ಹೀಟರನ್ನು ಪೂರ್ಣ ಬಿಸಿಗೆ ತಿರುಗಿಸಿ, ಬೆಲ್ಟು ಫ್ಯಾನುಗಳಿಂದ ಕೈ ದೂರವಿಟ್ಟು, ಎರಡನ್ನೂ ಹುಷಾರಾಗಿ ಮುಟ್ಟಿ ನೋಡಬೇಕು. ಕ್ಷಣಕ್ಕಿಂತ ಹೆಚ್ಚು ಕೈ ಇಡಲಾಗದಷ್ಟು ಎರಡೂ ಬಿಸಿಯಿದ್ದು, ಹಿಂದಿರುಗುವುದು ತುಸು ಕಡಿಮೆಯಿದ್ದರೆ ಕೋರ್ ಆರೋಗ್ಯವಾಗಿದೆ. ಹೋಗುವುದು ಸುಡುತ್ತಿದ್ದು ಬರುವುದು ತಣ್ಣಗಿದ್ದರೆ ದ್ರವ ಒಳಗೆ ಹರಿಯುತ್ತಿಲ್ಲ. ಒಂದೋ ನಡುವಿನ ಕವಾಟ ಮುಚ್ಚಿದೆ, ಇಲ್ಲವೇ ಕೋರಿನ ಸಣ್ಣ ನಳಿಕೆಗಳಲ್ಲಿ ತುಕ್ಕಿನ ಕೆಸರು ಕಟ್ಟಿದೆ. ರೇಡಿಯೇಟರ್ ಸೋರಿಕೆಗೆಂದು ಅಂಗಡಿಯಲ್ಲಿ ಸಿಗುವ ಪುಡಿ ಸುರಿದವರ ಕಾರುಗಳಲ್ಲಿ ಇದು ಸಾಮಾನ್ಯ. ಆ ಪುಡಿ ತೂತಿಗೂ ನಳಿಕೆಗೂ ಭೇದವೆಣಿಸುವುದಿಲ್ಲ. ಎರಡೂ ಉಗುರುಬೆಚ್ಚಗಿದ್ದರೆ ಮತ್ತೆ ಥರ್ಮೋಸ್ಟಾಟ್, ಕೂಲಂಟ್ ಮಟ್ಟ, ವಾಟರ್ ಪಂಪುಗಳ ಕಡೆ ಹಿಂದಿರುಗಬೇಕು.

ಎರಡೂ ಕೊಳವೆ ಸುಡುತ್ತಿವೆ, ಗಾಳಿ ಮಾತ್ರ ತಣ್ಣಗಿದೆ ಎಂದರೆ ಅಪರಾಧಿ ಡ್ಯಾಶ್‌ಬೋರ್ಡಿನೊಳಗಿದ್ದಾನೆ. ಬಿಸಿ ಮತ್ತು ತಣ್ಣನೆಯ ಗಾಳಿಯನ್ನು ಬೆರೆಸುವ ಒಂದು ಪ್ಲಾಸ್ಟಿಕ್ ಬಾಗಿಲು ಅಲ್ಲಿದೆ. ಅದನ್ನು ತಿರುಗಿಸುವ ಪುಟ್ಟ ಮೋಟಾರಿನ ಹಲ್ಲು ಮುರಿದರೆ ಕಾರು ಸ್ಟಾರ್ಟ್ ಮಾಡಿದೊಡನೆ ಟಕ್ ಟಕ್ ಎಂಬ ಸದ್ದು ಕೇಳುತ್ತದೆ. ಗಾಳಿ ಬಿಸಿಯಿದ್ದೂ ಬಿರುಸಾಗಿಲ್ಲದಿದ್ದರೆ ಕ್ಯಾಬಿನ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಎಲೆಚೂರು, ಧೂಳು, ಒಮ್ಮೊಮ್ಮೆ ಇಲಿಯ ಗೂಡು. ವೈಪರುಗಳ ಬುಡದಲ್ಲಿರುವ ಗಾಳಿಬಾಯಿಯನ್ನು ಹಿಮ ಮುಚ್ಚಿದ್ದರೂ ಇದೇ ಗತಿ. ಬ್ಲೋವರ್ ಅತಿ ವೇಗದಲ್ಲಿ ಮಾತ್ರ ತಿರುಗಿ ಉಳಿದ ವೇಗಗಳಲ್ಲಿ ಸತ್ತಿದ್ದರೆ ಹಳೆಯ ಕಾರುಗಳಲ್ಲಿ ರೆಸಿಸ್ಟರ್ ಸುಟ್ಟಿರುತ್ತದೆ, ಅದು ಅಗ್ಗದ ರಿಪೇರಿ.

ಗಾಜೂ ಸಾಕ್ಷಿ ಹೇಳುತ್ತದೆ. ಆರೋಗ್ಯವಂತ ಡಿಫ್ರಾಸ್ಟರ್ ಹಿಮವನ್ನು ಬುಡದಿಂದ ಮೇಲಕ್ಕೆ ಎರಡು ಬೀಸಣಿಗೆಗಳ ಆಕಾರದಲ್ಲಿ ಬಿಡಿಸುತ್ತ ಹೋಗುತ್ತದೆ. ನಡುವೆ ಒಂದು ಬಿಳಿ ಪಟ್ಟಿ ಕೊನೆಯವರೆಗೂ ಹಟ ಹಿಡಿದು ನಿಲ್ಲುತ್ತದೆ. ಬೀಸಣಿಗೆ ಒಂದೇ ಬದಿಯಲ್ಲಿ ಬಿಚ್ಚಿಕೊಂಡರೆ ಇನ್ನೊಂದು ಬದಿಯ ಗಾಳಿಕೊಳವೆ ಕಳಚಿದೆ, ಅಥವಾ ಡ್ಯಾಶ್‌ಬೋರ್ಡಿನ ಸೀಳಿನೊಳಗೆ ಪಾರ್ಕಿಂಗ್ ಚೀಟಿಯೊಂದು ಜಾರಿಬಿದ್ದು ಕೂತಿದೆ. ಎರಡೂ ಕಡೆ ಬುಡದಲ್ಲಷ್ಟೇ ಕರಗಿ ಮೇಲೇರದಿದ್ದರೆ, ಅರ್ಧ ಗಾಳಿ ಕಾಲಿನ ಕಡೆಗೆ ಸೋರಿಹೋಗುತ್ತಿರಬಹುದು. ಪಾದದ ಬಳಿ ಕೈಯಿಟ್ಟರೆ ಗೊತ್ತಾಗುತ್ತದೆ.

ಈಗ ಒಳಗಿನ ಮಂಜಿಗೆ ಬರೋಣ. ಸೊನ್ನೆ ಡಿಗ್ರಿಯ ಗಾಜಿಗೆ ತಾಗಿದ ಗಾಳಿ ಘನಮೀಟರಿಗೆ 4.8 ಗ್ರಾಂಗಿಂತ ಹೆಚ್ಚು ನೀರಾವಿ ಇಟ್ಟುಕೊಳ್ಳಲಾರದು, ಮಿಕ್ಕಿದ್ದು ಗಾಜಿನ ಮೇಲೆ ಇಳಿಯುತ್ತದೆ. ಕಾರಿನ ಒಳಗಿನ ಜಾಗ ಮೂರು ಘನಮೀಟರ್ ಎಂದಿಟ್ಟುಕೊಂಡರೆ ಒಟ್ಟು ಮಿತಿ 15 ಗ್ರಾಂ, ಅಂದರೆ ಒಂದು ದೊಡ್ಡ ಚಮಚ ನೀರು. ಮಂಜು ನಿವಾರಣೆಯ ಯುರೋಪಿನ ಪರೀಕ್ಷೆಯಲ್ಲಿ ಒಂದು ಸೀಟಿಗೆ ಗಂಟೆಗೆ 70 ಗ್ರಾಂ ಲೆಕ್ಕದಲ್ಲಿ ಕಾರಿನೊಳಗೆ ಆವಿ ಬಿಡುತ್ತಾರೆ. ನಾಲ್ವರು ಕೂತ ಕಾರಿನಲ್ಲಿ ಆ ಲೆಕ್ಕದ ಪ್ರಕಾರ ಮಿತಿ ಮೀರಲು ಮೂರು ನಿಮಿಷ ಚಿಲ್ಲರೆ ಸಾಕು. ಬೂಟಿಗಂಟಿ ಒಳಬಂದು ಕಾರ್ಪೆಟಿನಲ್ಲಿ ಕರಗಿದ ಹಿಮದ ಪಾಲು ಬೇರೆ.

ಪರಿಹಾರ ಹೊರಗೇ ಇದೆ. ಮೈನಸ್ 20ರ ಗಾಳಿಯಲ್ಲಿ ಘನಮೀಟರಿಗೆ ಹೆಚ್ಚೆಂದರೆ ಒಂದು ಗ್ರಾಂ ನೀರಾವಿ. ಅದನ್ನೇ 40 ಡಿಗ್ರಿಗೆ ಕಾಯಿಸಿದರೆ ಸಾಪೇಕ್ಷ ಆರ್ದ್ರತೆ ಶೇ 2ಕ್ಕೆ ಇಳಿಯುತ್ತದೆ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನವೂ ಇಷ್ಟು ಒಣಗಿರುವುದಿಲ್ಲ. ಬ್ಲೋವರ್ ಗಂಟೆಗೆ 200 ಘನಮೀಟರ್ ಹೊರಗಾಳಿ ಒಳತಂದರೆ, ಗಾಜಿಗೆ ಮಂಜು ಹಿಡಿಸದೆಯೇ ಗಂಟೆಗೆ 700 ಗ್ರಾಂಗೂ ಹೆಚ್ಚು ತೇವ ಹೊತ್ತು ಹೊರಹೋಗಬಲ್ಲದು. ನಾಲ್ವರ ಉಸಿರು ಇದರ ಮುಂದೆ ಲೆಕ್ಕಕ್ಕಿಲ್ಲ. ಆದರೆ ಚಳಿಗೆ ಹೆದರಿದ ಚಾಲಕ ಬೇಗ ಬೆಚ್ಚಗಾಗಲೆಂದು ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ ಒತ್ತಿಬಿಡುತ್ತಾನೆ. ಕ್ಯಾಬಿನ್ನಿನ ತೇವ ಹೊರಹೋಗಲು ದಾರಿಯೇ ಇರುವುದಿಲ್ಲ. ಒಳಮಂಜಿನ ದೂರುಗಳಲ್ಲಿ ಮೊದಲು ನೋಡಬೇಕಾದದ್ದು ಆ ಗುಂಡಿಯ ಪುಟ್ಟ ದೀಪವನ್ನು. ದೀಪ ಆರಿದ್ದರೂ ಒಳಗಿನ ಬಾಗಿಲು ಸಿಕ್ಕಿಕೊಂಡಿರಬಹುದು. ಗುಂಡಿ ಒತ್ತಿ ಬಿಟ್ಟಾಗ ಬ್ಲೋವರಿನ ಸದ್ದು ಬದಲಾಗದಿದ್ದರೆ ಅನುಮಾನಪಡಿ.

ಡಿಫ್ರಾಸ್ಟ್ ಆಯ್ದೊಡನೆ ಏಸಿ ಯಾಕೆ ಹೊತ್ತಿಕೊಳ್ಳುತ್ತದೆ ಎಂದು ಹಲವರು ಕೇಳುತ್ತಾರೆ. ತಂಪು ಮಾಡಲಿಕ್ಕಲ್ಲ. ಏಸಿಯ ತಣ್ಣನೆಯ ಸುರುಳಿಯ ಮೇಲೆ ಹಾಯ್ದ ಗಾಳಿ ತನ್ನ ನೀರನ್ನು ಅಲ್ಲಿ ಬಿಟ್ಟು, ಒಣಗಿ, ಆಮೇಲೆ ಹೀಟರ್ ಕೋರಿನಲ್ಲಿ ಕಾದು ಗಾಜಿಗೆ ಬರುತ್ತದೆ. ಚಾರ್ಮಾಡಿ ಘಾಟಿಯ ಮಳೆಯಲ್ಲಿ ಗಾಜು ಮಸುಕಾದಾಗ ನಾವು ಏಸಿ ಹಾಕುವುದೂ ಇದಕ್ಕೇ. ಕಡುಚಳಿಯಲ್ಲಿ ಹೆಚ್ಚಿನ ಕಾರುಗಳು ಕಂಪ್ರೆಸರನ್ನು ಓಡಗೊಡುವುದಿಲ್ಲ, ಆಗ ಹೊರಗಾಳಿಯೇ ಒಣಗಿರುವುದರಿಂದ ಅದರ ಅಗತ್ಯವೂ ಇಲ್ಲ. ಏಸಿ ಬೇಕೇಬೇಕಾಗುವುದು ಐದಾರು ಡಿಗ್ರಿಯ ಜಿಟಿಜಿಟಿ ಮಳೆಯಲ್ಲಿ. ಸೆಪ್ಟೆಂಬರಿನಲ್ಲಿ ಏಸಿ ಗ್ಯಾಸು ಸೋರಿಹೋದದ್ದು ಯಾರ ಗಮನಕ್ಕೂ ಬಂದಿರುವುದಿಲ್ಲ, ನವೆಂಬರಿನ ಮಳೆಯಲ್ಲಿ ಡಿಫ್ರಾಸ್ಟರಿಗೆ ಬೈಗುಳ ಬೀಳುತ್ತದೆ.

ಗಾಜಿನ ಒಳಮೈಯನ್ನು ವರ್ಷಕ್ಕೊಮ್ಮೆಯೂ ಒರೆಸದವರೇ ಹೆಚ್ಚು. ಬೇಸಿಗೆಯ ಬಿಸಿಲಿಗೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನಿಂದ ಎದ್ದ ಆವಿ ಗಾಜಿನ ಮೇಲೆ ತೆಳ್ಳಗೆ ಜಿಡ್ಡಾಗಿ ಕೂತಿರುತ್ತದೆ. ಶುಭ್ರ ಗಾಜಿನ ಮೇಲೆ ನೀರು ಹರಡಿ ಪಾರದರ್ಶಕ ಪೊರೆಯಾಗುತ್ತದೆ. ಜಿಡ್ಡಿನ ಮೇಲೆ ಸಾವಿರಾರು ಹನಿಗಳಾಗಿ ನಿಂತು ಎದುರಿನ ದೀಪದ ಬೆಳಕನ್ನೆಲ್ಲ ಚೆಲ್ಲಾಡುತ್ತದೆ. ಒಳ್ಳೆಯ ಗ್ಲಾಸ್ ಕ್ಲೀನರ್, ಒಣ ಬಟ್ಟೆ, ಹತ್ತು ನಿಮಿಷ: ಈ ಅಧ್ಯಾಯದ ಅತಿ ಅಗ್ಗದ ಚಿಕಿತ್ಸೆ ಇದು.

ಒರೆಸಿದ ಎರಡೇ ದಿನಕ್ಕೆ ಜಿಡ್ಡು ಮತ್ತೆ ಕೂತರೆ, ಡಿಫ್ರಾಸ್ಟ್ ಹಾಕಿದೊಡನೆ ಮಂಜು ಇನ್ನೂ ಹೆಚ್ಚಾದರೆ, ಕಾರಿನೊಳಗೆ ಸಿಹಿ ಸಿಹಿ ವಾಸನೆ ಬಂದರೆ ವಿಷಯ ಬೇರೆ. ಹೀಟರ್ ಕೋರ್ ತೂತಾಗಿದೆ, ಬ್ಲೋವರ್ ಕೂಲಂಟಿನ ಆವಿಯನ್ನೇ ಗಾಜಿಗೆ ಬೀಸುತ್ತಿದೆ. ಮುಂದಿನ ಸೀಟಿನ ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿದರೆ ಬೆರಳಿಗೆ ಅಂಟಂಟು ತೇವ ಹತ್ತುತ್ತದೆ. ಹೆಚ್ಚಿನ ಕೂಲಂಟುಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ, ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ. ಇಲ್ಲಿ ಶಾಖದ ದಾರಿ ಮತ್ತು ತೇವದ ದಾರಿ ಒಂದೇ ತೂತಿನಲ್ಲಿ ಸೇರಿಬಿಟ್ಟಿರುವುದರಿಂದ ರೋಗನಿರ್ಣಯ ಸುಲಭ, ಚಿಕಿತ್ಸೆ ದುಬಾರಿ. ಅನೇಕ ಕಾರುಗಳಲ್ಲಿ ಕೋರಿನ ಬೆಲೆಗಿಂತ ಡ್ಯಾಶ್‌ಬೋರ್ಡ್ ಬಿಚ್ಚಿ ಜೋಡಿಸುವ ಕೂಲಿ ಎಷ್ಟೋ ಪಾಲು ಹೆಚ್ಚು. ಹಾಗಾಗಿ ಕೋರ್ ಬರೀ ಕಟ್ಟಿಕೊಂಡಿದ್ದರೆ ಕೊಳವೆ ಬಿಚ್ಚಿ, ಹಿಮ್ಮುಖವಾಗಿ ಮೆಲ್ಲಗೆ ನೀರು ಹಾಯಿಸಿ ಕೆಸರು ತೊಳೆದು ನೋಡುವುದು ಜಾಣತನ. ತೂತಾಗಿದ್ದರೆ ಬದಲಿಸದೆ ಗತಿಯಿಲ್ಲ.

ರಿಪೇರಿಯಾಗುವವರೆಗೆ ದಿನ ದೂಡಲು ಜನ ಏನೇನೋ ಮಾಡುತ್ತಾರೆ. ಬಿಸಿನೀರು ಸುರಿಯುವುದು ಅವುಗಳಲ್ಲಿ ಅತಿ ಕೆಟ್ಟದ್ದು. ಮೇಲ್ಮೈ ಹಿಗ್ಗಿ ಒಳಪದರ ಹಿಗ್ಗದೆ, ಕಲ್ಲು ಸಿಡಿದು ಆಗಿದ್ದ ಕಾಳಿನಷ್ಟು ಗಾಯ ಗಾಜಿನ ಉದ್ದಕ್ಕೂ ಬಿರುಕಾಗಿ ಓಡುತ್ತದೆ. ಎರಡು ಪಾಲು ಐಸೊಪ್ರೊಪೈಲ್ ಆಲ್ಕೋಹಾಲಿಗೆ ಒಂದು ಪಾಲು ನೀರು ಬೆರೆಸಿ ಸಿಂಪಡಿಸುವ ಉಪಾಯ ಮಾತ್ರ ನಿಜಕ್ಕೂ ಫಲಿಸುತ್ತದೆ, ಹಿಮದ ಕರಗುವ ಬಿಂದುವನ್ನೇ ಅದು ಕೆಳಗಿಳಿಸುತ್ತದೆ.

ಇಂಜಿನ್ ಹೆಚ್ಚು ದಕ್ಷವಾದಷ್ಟೂ ವ್ಯರ್ಥ ಶಾಖ ಕಡಿಮೆ, ಅಂದರೆ ಚಳಿಗಾಲದಲ್ಲಿ ಅದು ಅಷ್ಟೇ ಕೆಟ್ಟ ಹೀಟರ್. ಅದಕ್ಕೇ ಹಲವು ಡೀಸೆಲ್ ಕಾರುಗಳಲ್ಲಿ ಹೀಟರ್ ಕೋರಿನ ಬೆನ್ನಿಗೆ ವಿದ್ಯುತ್ ಸುರುಳಿಯೊಂದನ್ನು ಸೇರಿಸಿರುತ್ತಾರೆ. ವಿದ್ಯುತ್ ಕಾರಿನಲ್ಲಂತೂ ಪುಕ್ಕಟೆ ಶಾಖವೆಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಗಾಜಿಗೆ ಹೋಗುವ ಪ್ರತಿ ಜೌಲ್ ಬ್ಯಾಟರಿಯ ಲೆಕ್ಕಕ್ಕೆ ಬೀಳುತ್ತದೆ. ಆದರೆ ಅಲ್ಲಿ ಇಂಜಿನ್ ಕಾಯುವವರೆಗೆ ಕಾಯಬೇಕಿಲ್ಲ. ಹೊರಡುವ ಹೊತ್ತನ್ನು ಮೊಬೈಲಿನಲ್ಲಿ ಹೇಳಿಟ್ಟು, ಕಾರು ಗೋಡೆಯ ಪ್ಲಗ್ಗಿಗೆ ಅಂಟಿಕೊಂಡಿರುವಾಗಲೇ ಗಾಜು ಕಾಯಿಸಿಕೊಂಡರೆ ಖರ್ಚು ಮನೆಯ ಕರೆಂಟ್ ಬಿಲ್ಲಿಗೆ ಹೋಗುತ್ತದೆ, ಬ್ಯಾಟರಿ ಪೂರ್ತಿ ದಾರಿಗೆ ಉಳಿಯುತ್ತದೆ.